ಮಲಗುವ ವ್ಯಾನು: ಬಾಡಿಗೆಗೆ ತರುವುದೋ, ಕೊಂಡು ಮನೆಯಲ್ಲಿ ನಿಲ್ಲಿಸುವುದೋ?

ಅಡಿಕೆ ಕೊಯ್ಲು ಮುಗಿದು, ಸುಲಿದು ಒಣಗಿಸಿದ ಮಾಲು ಸೊಸೈಟಿ ಸೇರುವ ಹೊತ್ತಿಗೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ತಿರುಗಾಟದ ಮಾತು ಏಳುತ್ತದೆ. ಈಚಿನ ಬೇಸಿಗೆಗಳಲ್ಲಿ ಆ ಮಾತಿನ ನಡುವೆ ಕ್ಯಾಂಪರ್‌ವ್ಯಾನ್ ಎಂಬ ಹೆಸರೂ ಬರತೊಡಗಿದೆ. ಹಾಸಿಗೆ, ಒಲೆ, ನೀರಿನ ಟ್ಯಾಂಕು, ಸಣ್ಣ ಫ್ರಿಜ್ಜು ಎಲ್ಲವೂ ಒಳಗೇ ಇರುವ, ಕತ್ತಲಾದಲ್ಲಿ ನಿಲ್ಲಿಸಿ ಮಲಗಬಹುದಾದ ವಾಹನ ಅದು. ಬಾಡಿಗೆಗೆ ತರುವುದೋ, ಒಂದನ್ನು ಕೊಂಡೇ ಬಿಡುವುದೋ ಎಂದು ಕೇಳುವವರು ನನಗೆ ಹಲವರು ಸಿಗುತ್ತಾರೆ. ನಮ್ಮ ಮನೆಯವರು ಎರಡು ಸಲ ಇಂಥ ವ್ಯಾನನ್ನು ಬಾಡಿಗೆಗೆ ತಂದಿದ್ದೇವೆ. ಕುಮಟಾದಲ್ಲಿರುವ ನನ್ನ ಭಾವ ಹಳೆಯ ವ್ಯಾನೊಂದನ್ನು ಕೊಂಡು ಮೂರು ಮಳೆಗಾಲ ಕಳೆದಿದ್ದಾರೆ. ಎರಡೂ ಕಡೆಯ ಅನುಭವವನ್ನು ಹತ್ತಿರದಿಂದ ಕಂಡ ಮೇಲೆ ನನಗೆ ಅನಿಸಿರುವುದೇನೆಂದರೆ, ವ್ಯಾನು ಓಡುವ ದಿನಗಳ ಕನಸನ್ನು ಎಲ್ಲರೂ ಕಾಣುತ್ತಾರೆ, ಆದರೆ ತೀರ್ಮಾನ ನಿಲ್ಲಬೇಕಾದದ್ದು ಅದು ಮನೆಯ ಪಕ್ಕದಲ್ಲಿ ಸುಮ್ಮನೆ ನಿಂತಿರುವ ದಿನಗಳ ಲೆಕ್ಕದ ಮೇಲೆ.

ಬೆಲೆಯ ಮೊದಲು ಕೇಳಿಕೊಳ್ಳಬೇಕಾದದ್ದು

ವರ್ಷಕ್ಕೆ ಎಷ್ಟು ರಾತ್ರಿ ನೀವು ಅದರಲ್ಲಿ ಮಲಗುತ್ತೀರಿ ಎಂಬುದನ್ನು ಕ್ಯಾಲೆಂಡರನ್ನು ಎದುರಿಗಿಟ್ಟುಕೊಂಡೇ ಎಣಿಸಬೇಕು. ತೋಟ ಇರುವವರಿಗೆ ಮಳೆಗಾಲದಲ್ಲಿ ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಸುವ ಕೆಲಸ, ನವೆಂಬರಿನಿಂದ ಫೆಬ್ರವರಿಯವರೆಗೆ ಕೊಯ್ಲು. ಉಳಿಯುವುದು ಅಕ್ಟೋಬರಿನ ಒಂದಿಷ್ಟು ದಿನ ಮತ್ತು ಮಾರ್ಚಿನಿಂದ ಮೇ ಕೊನೆಯವರೆಗಿನ ಅವಧಿ. ಅದರಲ್ಲಿಯೂ ಮದುವೆ, ಉಪನಯನ, ಗೃಹಪ್ರವೇಶಗಳಿಗೆಂದು ಕಳೆಯುವ ವಾರಗಳೇ ಹೆಚ್ಚು. ಶಾಲೆಗೆ ಹೋಗುವ ಮಕ್ಕಳಿದ್ದರೆ ಬೇಸಿಗೆ ರಜೆ ಮತ್ತು ದಸರಾ ರಜೆಯನ್ನು ಬಿಟ್ಟು ಬೇರೆ ದಾರಿಯಿಲ್ಲ. ನಮ್ಮ ಮನೆಯಲ್ಲಿ ಹೀಗೆ ಎಣಿಸುವ ಮೊದಲು ಎಲ್ಲರೂ 40 ರಾತ್ರಿಯ ಅಂದಾಜಿನಲ್ಲಿದ್ದೆವು. ಎಣಿಸಿದಾಗ 18 ಬಂತು.

ಎರಡನೆಯದು, ಮಳೆಗಾಲದ ನಾಲ್ಕು ತಿಂಗಳು ಅದು ಎಲ್ಲಿ ನಿಲ್ಲುತ್ತದೆ ಎಂಬುದು. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3,000 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರಿನೊಳಗೆ. ಕರಾವಳಿಯಲ್ಲಿ ಮಳೆಯ ಜೊತೆಗೆ ಉಪ್ಪುಗಾಳಿಯೂ ಇದೆ. ಫೋರ್ಸ್ ಟ್ರಾವೆಲರ್‌ನಂಥ ವ್ಯಾನು ಸುಮಾರು ಎರಡೂವರೆ ಮೀಟರ್ ಎತ್ತರವಿರುತ್ತದೆ. ಕಾರಿಗೆಂದು ಕಟ್ಟಿಸಿದ ಶೆಡ್ಡಿನೊಳಗೆ ಅದು ಹೋಗುವುದಿಲ್ಲ, ಮೇಲೆ ಸೋಲಾರ್ ಫಲಕ ಕೂರಿಸಿದ್ದರೆ ಇನ್ನೂ ಎತ್ತರ.

ಮೂರನೆಯದು, ಬಾಡಿಗೆಯ ವ್ಯಾನು ನಿಮ್ಮ ಮನೆಯಿಂದ ಎಷ್ಟು ದೂರದಲ್ಲಿ ಸಿಗುತ್ತದೆ ಎಂಬುದು. ಇದನ್ನು ಬಹಳ ಜನ ಲೆಕ್ಕಕ್ಕೇ ಹಿಡಿಯುವುದಿಲ್ಲ, ಆದರೆ ನಮ್ಮ ಜಿಲ್ಲೆಯವರ ಮಟ್ಟಿಗೆ ಇಡೀ ಲೆಕ್ಕ ತಿರುಗುವುದು ಇಲ್ಲಿಯೇ. ಕೊನೆಯದಾಗಿ, ಒಳಗೆ ಮಲಗುವವರು ಯಾರು, ದೇವಿಮನೆ ಅಥವಾ ಅರಬೈಲು ಘಟ್ಟದಲ್ಲಿ ಅಷ್ಟು ಭಾರದ ವಾಹನವನ್ನು ಕೆಳಗಿನ ಗೇರಿನಲ್ಲಿ ಹಿಡಿದು ಇಳಿಸುವವರು ಯಾರು ಎಂಬುದು. ಲೈಸೆನ್ಸಿನ ತೊಂದರೆ ಸಾಮಾನ್ಯವಾಗಿ ಬರುವುದಿಲ್ಲ, ಒಟ್ಟು ತೂಕ 7,500 ಕಿಲೋ ಮೀರದ ವಾಹನಕ್ಕೆ ಕಾರಿನ ಎಲ್‌ಎಂವಿ ಲೈಸೆನ್ಸೇ ಸಾಕು. ಕೈಗೆ ಅಭ್ಯಾಸವಿದೆಯೇ ಎಂಬುದು ಬೇರೆಯೇ ಮಾತು.

ಬಾಡಿಗೆಗೆ ತಂದರೆ

ಬಾಡಿಗೆಯ ದೊಡ್ಡ ಅನುಕೂಲ ಎಲ್ಲರಿಗೂ ಗೊತ್ತಿರುವಂಥದ್ದೇ: ಪ್ರವಾಸ ಮುಗಿದ ದಿನ ಕೀಲಿಕೈ ಕೊಟ್ಟರೆ ವಿಮೆ, ಟೈರು, ತುಕ್ಕು, ಬ್ಯಾಟರಿ ಯಾವುದೂ ನಿಮ್ಮ ತಲೆನೋವಲ್ಲ. ವಯಸ್ಸಾದ ಅಪ್ಪ ಅಮ್ಮ ಜೊತೆಗಿದ್ದರೆ ಚಾಲಕನ ಸಮೇತ ಸಿಗುವ ದೊಡ್ಡ ಕ್ಯಾರವಾನ್ ತರಬಹುದು. ಇಬ್ಬರೇ ಹೋಗುವಾಗ ಚಿಕ್ಕ ವ್ಯಾನು ಸಾಕು. ಕೊಂಡವರಿಗೆ ಈ ಆಯ್ಕೆ ಇರುವುದಿಲ್ಲ, ಅಳತೆ ಒಮ್ಮೆ ನಿಶ್ಚಯವಾದರೆ ಮುಗಿಯಿತು.

ಹಣದ ಲೆಕ್ಕವನ್ನು ಒಂದು ಉದಾಹರಣೆಯಿಂದ ನೋಡೋಣ. ಇಲ್ಲಿರುವ ಮೊತ್ತಗಳು ಲೆಕ್ಕ ಮಾಡುವ ಕ್ರಮ ತಿಳಿಯಲೆಂದು ನಾನು ಹಿಡಿದುಕೊಂಡವು; ನಿಮಗೆ ಸಿಕ್ಕ ದರವನ್ನು ಆ ಜಾಗದಲ್ಲಿ ಇಟ್ಟುಕೊಳ್ಳಿ. ದಿನಕ್ಕೆ 8,000 ರೂಪಾಯಿ ಬಾಡಿಗೆಯಾದರೆ ಐದು ರಾತ್ರಿಗೆ 40,000. ಬೆಂಗಳೂರಿನಲ್ಲಿರುವ ಮಗ ಅಲ್ಲಿಯೇ ವ್ಯಾನು ಹಿಡಿದು, ದಾರಿಯಲ್ಲಿ ಜೋಗ ನೋಡಿಕೊಂಡು, ಊರಿಗೆ ಬಂದು ಹೋಗುವುದಾದರೆ ಈ ಲೆಕ್ಕ ಸರಿಯಾಗಿಯೇ ಇದೆ. ದಾರಿಯೂ ಅವನ ಪ್ರವಾಸದ ಭಾಗ. ಶಿರಸಿಯಲ್ಲಿರುವವರು ಅದೇ ವ್ಯಾನನ್ನು ಬೆಂಗಳೂರಿನಿಂದ ತರುವುದಾದರೆ ಹೋಗಿ ಬರುವ ಸುಮಾರು 800 ಕಿಲೋಮೀಟರ್ ಬರಿದೇ ಓಡಿಸಬೇಕು. ಲೀಟರಿಗೆ 10 ಕಿಲೋಮೀಟರ್, ಡೀಸೆಲ್ಲಿಗೆ 90 ರೂಪಾಯಿ ಎಂದು ಹಿಡಿದರೆ ಅದಕ್ಕೇ 7,200 ರೂಪಾಯಿ. ತರುವ ಒಂದು ದಿನಕ್ಕೂ ಮರಳಿಸುವ ಒಂದು ದಿನಕ್ಕೂ ಬಾಡಿಗೆ ಕಟ್ಟಬೇಕಾಗುವುದರಿಂದ ಏಳು ದಿನಕ್ಕೆ 56,000. ಒಟ್ಟು 63,200 ರೂಪಾಯಿ ಕೊಟ್ಟು ಐದು ರಾತ್ರಿ ಸುಖಪಟ್ಟರೆ ರಾತ್ರಿಯೊಂದಕ್ಕೆ ಬಿದ್ದದ್ದು 12,640. ಆದ್ದರಿಂದ ನಮ್ಮಲ್ಲಿಂದ ಬಾಡಿಗೆ ಹಿಡಿಯುವವರು ಎರಡು ಮೂರು ಸಣ್ಣ ಪ್ರವಾಸಗಳ ಬದಲು ವರ್ಷಕ್ಕೊಮ್ಮೆ ಹತ್ತು ಹನ್ನೆರಡು ದಿನದ ಒಂದು ಪ್ರವಾಸ ಇಟ್ಟುಕೊಳ್ಳುವುದು ಮೇಲು. ರೈಲಿನಲ್ಲಿ ಹೋಗಿ, ವ್ಯಾನು ಸಿಗುವ ಊರಿನಿಂದಲೇ ತಿರುಗಾಟ ಶುರು ಮಾಡಿ, ಅಲ್ಲಿಯೇ ಬಿಟ್ಟು ಬರುವುದು ಇನ್ನೂ ಒಳ್ಳೆಯದು.

ಬಾಡಿಗೆಯಲ್ಲಿ ನಮಗೆ ಆದ ತೊಂದರೆಯನ್ನೂ ಹೇಳಬೇಕು. ಏಪ್ರಿಲಿನ ಒಂದು ರಾತ್ರಿ ಗೋಕರ್ಣದಲ್ಲಿ, ಪರಿಚಯದವರ ತೆಂಗಿನ ತೋಟದ ಅಂಚಿನಲ್ಲಿ ವ್ಯಾನು ನಿಲ್ಲಿಸಿ ಮಲಗಿದ್ದೆವು. ಎರಡು ಗಂಟೆಯ ಹೊತ್ತಿಗೆ ಫ್ಯಾನು ಮೊದಲು ನಿಧಾನವಾಯಿತು, ಆಮೇಲೆ ನಿಂತೇ ಹೋಯಿತು. ಫ್ರಿಜ್ಜಿನ ದೀಪವೂ ಆರಿತ್ತು. ಮಗಳ ಅಂಗಿ ಬೆವರಿನಿಂದ ಬೆನ್ನಿಗೆ ಅಂಟಿತ್ತು. ಬಾಗಿಲು ತೆಗೆದರೆ ಸೊಳ್ಳೆ, ಹಾಕಿದರೆ ಸೆಕೆ. ಬೆಳಗಿನವರೆಗೆ ಪೇಪರಿನಿಂದ ಬೀಸಿಕೊಂಡು ಕೂತೆವು. ಒಳಗಿನ ಬ್ಯಾಟರಿ ಹಳೆಯದಾಗಿ, ತುಂಬಿದಂತೆ ತೋರಿಸಿದರೂ ಅರ್ಧ ರಾತ್ರಿಗೆ ಬರಿದಾಗುತ್ತಿತ್ತು. ಅಂದಿನಿಂದ ವ್ಯಾನು ಕೈಗೆ ತೆಗೆದುಕೊಳ್ಳುವಾಗ ಇಂಜಿನ್ ಆರಿಸಿ, ಫ್ಯಾನು, ಫ್ರಿಜ್ಜು, ದೀಪ ಎಲ್ಲವನ್ನೂ ಹಾಕಿ, ಒಂದು ಗಂಟೆ ಅಲ್ಲಿಯೇ ಕುಳಿತು ಬ್ಯಾಟರಿಯ ವೋಲ್ಟೇಜು ಎಷ್ಟು ಇಳಿಯುತ್ತದೆ ಎಂದು ನೋಡದೆ ನಾವು ಹೊರಡುವುದಿಲ್ಲ. ನಾಲ್ಕೂ ಬದಿಯ ಫೋಟೊ ತೆಗೆದಿಟ್ಟುಕೊಳ್ಳಿ. ಮುಂಗಡ ಠೇವಣಿಯಿಂದ ಏನೇನು ಕಳೆಯುತ್ತಾರೆ, ಮರಳಿನಲ್ಲಿ ಇಳಿಸಿದರೆ ಅಥವಾ ಮಣ್ಣುರಸ್ತೆಗೆ ಹೋದರೆ ಹೊಣೆ ಯಾರದು ಎಂಬುದನ್ನು ಬರಹದಲ್ಲಿ ಪಡೆಯಿರಿ.

ಇನ್ನೊಂದು ಎಚ್ಚರ ನಂಬರ್ ಪ್ಲೇಟಿನದು. ಚಾಲಕನ ಸಮೇತ ಬಾಡಿಗೆಗೆ ಓಡುವ ವಾಹನಕ್ಕೆ ಹಳದಿ ಹಲಗೆಯ ಮೇಲೆ ಕಪ್ಪು ಅಕ್ಷರ, ನಾವೇ ಓಡಿಸಲು ಕೊಡುವ ಬಾಡಿಗೆ ವಾಹನಕ್ಕೆ ಕಪ್ಪು ಹಲಗೆಯ ಮೇಲೆ ಹಳದಿ ಅಕ್ಷರ ಇರಬೇಕು. ಬಿಳಿ ಹಲಗೆಯ ಸ್ವಂತ ವ್ಯಾನನ್ನು ಯಾರಾದರೂ ಕಡಿಮೆ ದರಕ್ಕೆ ಬಾಡಿಗೆಗೆ ಕೊಟ್ಟರೆ, ಅಪಘಾತವಾದ ದಿನ ವಿಮೆಯ ಹಣ ಸಿಗದೆ ಹೋಗಬಹುದು. ಆ ಉಳಿತಾಯ ಬೇಡ.

ಹೊಸದನ್ನು ಕೊಂಡರೆ

ಸ್ವಂತ ವ್ಯಾನಿನಲ್ಲಿ ಸಿಗುವ ಸುಖವನ್ನು ನಾನು ಕಡಿಮೆ ಮಾಡಿ ಹೇಳುವುದಿಲ್ಲ. ಶುಕ್ರವಾರ ಸಂಜೆ ಮನಸ್ಸಾದರೆ ಶನಿವಾರ ಬೆಳಿಗ್ಗೆ ಯಾಣದ ದಾರಿಯಲ್ಲಿರಬಹುದು. ನಮ್ಮದೇ ಪಾತ್ರೆ, ನಮ್ಮದೇ ಹಾಸಿಗೆ, ಅಮ್ಮನ ಮಡಿಗೆ ತಕ್ಕಂತೆ ಜೋಡಿಸಿದ ಅಡುಗೆ ಕಟ್ಟೆ, ಯಾವುದು ಎಲ್ಲಿದೆ ಎಂದು ಕತ್ತಲಲ್ಲಿಯೂ ಕೈಗೆ ಸಿಗುವ ನೆಮ್ಮದಿ, ಇವು ಬಾಡಿಗೆಯಲ್ಲಿ ಬರುವುದಿಲ್ಲ.

ಲೆಕ್ಕ ಹೀಗಾಗುತ್ತದೆ. ವ್ಯಾನು ಮತ್ತು ಒಳಗಿನ ಕೆಲಸ ಸೇರಿ 20 ಲಕ್ಷ ಎಂದಿಟ್ಟುಕೊಳ್ಳಿ. ವಿಮಾ ಕಂಪನಿಗಳು ವಾಹನದ ಬೆಲೆ ಕಟ್ಟುವ ಕೋಷ್ಟಕದ ಪ್ರಕಾರ ಒಂದು ವರ್ಷ ತುಂಬುವುದರೊಳಗೆ ಶೇ. 15, ಮೂರನೆಯ ವರ್ಷದಲ್ಲಿ ಶೇ. 30, ಐದನೆಯ ವರ್ಷದಲ್ಲಿ ಶೇ. 50 ಬೆಲೆ ಇಳಿಯುತ್ತದೆ. ಒಳಗೆ ಮಾಡಿಸಿದ ಮರಗೆಲಸಕ್ಕೆ ಮುಂದೆ ಕೊಳ್ಳುವವರು ಅಷ್ಟನ್ನೂ ಕೊಡುವುದಿಲ್ಲವಾದ್ದರಿಂದ ಐದು ವರ್ಷದ ನಂತರ 9 ಲಕ್ಷ ಬಂದರೆ ಚೆನ್ನಾಗಿ ಬಂತು ಎನ್ನಬೇಕು. ಅಂದರೆ 11 ಲಕ್ಷ ಕರಗಿತು, ವರ್ಷಕ್ಕೆ 2.2 ಲಕ್ಷ. ವಿಮೆ, ಸರ್ವಿಸ್, ಟೈರು, ಮಳೆಗಾಲದ ಆರೈಕೆ ಸೇರಿ ವರ್ಷಕ್ಕೆ 85,000. ವ್ಯಾನಿನಲ್ಲಿ ಸಿಕ್ಕಿಕೊಂಡ ಹಣ 20 ಲಕ್ಷದಿಂದ 9 ಲಕ್ಷಕ್ಕೆ ಇಳಿಯುತ್ತ ಹೋಗುವುದರಿಂದ, ಅದು ಶೇ. 7ರ ಬಡ್ಡಿಗೆ ಬ್ಯಾಂಕಿನಲ್ಲಿದ್ದಿದ್ದರೆ ಬರುತ್ತಿದ್ದದ್ದು ವರ್ಷಕ್ಕೆ ಸರಾಸರಿ ಒಂದು ಲಕ್ಷ. ಒಟ್ಟು ವರ್ಷಕ್ಕೆ 4.05 ಲಕ್ಷ. ಇದನ್ನು 8,000 ರೂಪಾಯಿ ಬಾಡಿಗೆಯಿಂದ ಭಾಗಿಸಿದರೆ 50 ರಾತ್ರಿ. ಶಿರಸಿಯವರ ನಿಜವಾದ 12,640ರಿಂದ ಭಾಗಿಸಿದರೆ 32 ರಾತ್ರಿ. ಬೆಂಗಳೂರಿನವರು 50 ರಾತ್ರಿ ಬಳಸದೆ ಕೊಂಡರೆ ನಷ್ಟ, ನಮ್ಮವರಿಗೆ 32 ದಾಟಿದರೆ ಸಾಕು. ನಮ್ಮ ಮನೆಯ 18 ರಾತ್ರಿಗೆ ಕೊಂಡಿದ್ದರೆ ರಾತ್ರಿಯೊಂದಕ್ಕೆ 22,500 ರೂಪಾಯಿ ಬೀಳುತ್ತಿತ್ತು.

ತೆರಿಗೆಯನ್ನು ಬೇರೆಯಾಗಿಯೇ ವಿಚಾರಿಸಬೇಕು. ಕರ್ನಾಟಕದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಲೈಫ್ ಟ್ಯಾಕ್ಸ್ ಬೆಲೆಗೆ ತಕ್ಕಂತೆ ಶೇ. 13ರಿಂದ 18ರವರೆಗೆ ಏರುತ್ತದೆ. ವ್ಯಾನು ಯಾವ ವರ್ಗದಲ್ಲಿ ನೋಂದಣಿಯಾಗುತ್ತದೆ ಎಂಬುದರ ಮೇಲೆ ನಿಮ್ಮ ತೆರಿಗೆ ನಿಲ್ಲುವುದರಿಂದ, ಮುಂಗಡ ಕೊಡುವ ಮೊದಲೇ ಆರ್‌ಟಿಒಗೆ ಹೋಗಿ ಕೇಳಿ. ಕಾರವಾರದ ಕೆಎ-30 ಇರಲಿ, ಶಿರಸಿಯ ಕೆಎ-31 ಇರಲಿ, ಹೊನ್ನಾವರದ ಕೆಎ-47 ಇರಲಿ, ನಿಯಮ ಒಂದೇ. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ವಾಹನದ ರಚನೆಯನ್ನು ಮನಬಂದಂತೆ ಬದಲಿಸುವಂತಿಲ್ಲ. ಸೀಟು ತೆಗೆದು ಹಾಸಿಗೆ, ಕಪಾಟು ಕೂರಿಸಿದರೆ ಅದಕ್ಕೆ ಒಪ್ಪಿಗೆ ಪಡೆದು ಆರ್‌ಸಿಯಲ್ಲಿ ದಾಖಲಾಗಬೇಕು. ಮೋಟಾರು ಕ್ಯಾರವಾನ್‌ಗಳಿಗೆ ಎಐಎಸ್-124 ಎಂಬ ಮಾನದಂಡವೂ ಇದೆ. ಅದರಂತೆ ಪ್ರಮಾಣೀಕರಣವಾಗಿ ಬಂದ ವ್ಯಾನಿಗೆ ಕೊಡುವ ಹೆಚ್ಚಿನ ಬೆಲೆ ಮುಂದಿನ ಓಡಾಟವನ್ನು ಉಳಿಸುತ್ತದೆ.

ಬಳಸದ ದಿನಗಳಲ್ಲಿ ಬಾಡಿಗೆಗೆ ಬಿಟ್ಟು ಕಂತು ತೀರಿಸುವ ಯೋಚನೆ ಅನೇಕರಿಗೆ ಇರುತ್ತದೆ. ಹಾಗೆ ಮಾಡಲು ವಾಹನ ವಾಣಿಜ್ಯ ವರ್ಗದಲ್ಲಿರಬೇಕು, ಪರ್ಮಿಟ್ ಬೇಕು, ಮೊದಲ ಎಂಟು ವರ್ಷ ಎರಡು ವರ್ಷಕ್ಕೊಮ್ಮೆಯೂ ಆಮೇಲೆ ಪ್ರತಿವರ್ಷವೂ ಫಿಟ್‌ನೆಸ್ ಮಾಡಿಸಬೇಕು. ಅದು ವ್ಯಾಪಾರ, ಮಾಡುವುದಾದರೆ ವ್ಯಾಪಾರವೆಂದೇ ಮಾಡಬೇಕು. ಅಣ್ಣತಮ್ಮಂದಿರು ಪಾಲು ಹಾಕಿ ಕೊಳ್ಳುವುದಕ್ಕೂ ಒಂದೇ ಅಡ್ಡಿ ಇದೆ: ಎಲ್ಲರ ರಜೆಯೂ ಏಪ್ರಿಲ್-ಮೇ ತಿಂಗಳ ಅದೇ ಮೂರು ವಾರಗಳಲ್ಲಿ ಬೀಳುತ್ತದೆ.

ಹಳೆಯದನ್ನು ಕೊಂಡು ಮಾಡಿಸಿದರೆ

ಭಾವ ಆರಿಸಿಕೊಂಡದ್ದು ಈ ದಾರಿಯನ್ನು. ವ್ಯಾನಿಗೆ 6 ಲಕ್ಷ, ಒಳಗಿನ ಕೆಲಸಕ್ಕೆ 3 ಲಕ್ಷ ಎಂದು ಹಿಡಿದು, ಐದು ವರ್ಷಕ್ಕೆ ಮೂರೂವರೆ ಲಕ್ಷಕ್ಕೆ ಮಾರಿದರೆ ಕರಗುವುದು ವರ್ಷಕ್ಕೆ 1.1 ಲಕ್ಷ. ಹಳೆಯ ವಾಹನವಾದ್ದರಿಂದ ರಿಪೇರಿ ಸೇರಿ ಖರ್ಚು ಇನ್ನೊಂದು 1.1 ಲಕ್ಷ, ಬಡ್ಡಿಯ ನಷ್ಟ ಸುಮಾರು 44,000. ವರ್ಷಕ್ಕೆ 2.64 ಲಕ್ಷ, ಅಂದರೆ ಶಿರಸಿಯವರ ಲೆಕ್ಕದಲ್ಲಿ 21 ರಾತ್ರಿಗೆ ಸರಿಹೋಗುತ್ತದೆ. ಕಾಗದದ ಮೇಲೆ ಇದೇ ಎಲ್ಲಕ್ಕಿಂತ ಆಕರ್ಷಕ. ಆದರೆ ಹೀಗೆ ಸಿಗುವ ವ್ಯಾನುಗಳಲ್ಲಿ ಹೆಚ್ಚಿನವು ಶಾಲೆಗೋ ಪ್ರವಾಸಿಗರಿಗೋ ಓಡಿದ ಹಳದಿ ಹಲಗೆಯವು. ಪರ್ಮಿಟ್ ಮರಳಿಸಿ, ತೆರಿಗೆಯ ವ್ಯತ್ಯಾಸ ಕಟ್ಟಿ, ಸ್ವಂತ ವರ್ಗಕ್ಕೆ ಬದಲಿಸಿ, ಆಮೇಲೆ ಒಳಗಿನ ಬದಲಾವಣೆಗೆ ಒಪ್ಪಿಗೆ ಪಡೆಯುವುದರೊಳಗೆ ಒಂದು ಬೇಸಿಗೆ ಕಳೆದಿರುತ್ತದೆ.

ಇನ್ನು ತುಕ್ಕು. ಭಾವನ ಮನೆ ಸಮುದ್ರದಿಂದ ಒಂದು ಕಿಲೋಮೀಟರ್ ಒಳಗಿದೆ. ಮೊದಲ ಮಳೆಗಾಲದಲ್ಲಿ ವ್ಯಾನು ತಗಡಿನ ಮಾಡಿನ ಕೆಳಗೇ ಇತ್ತು, ಆದರೆ ಪಕ್ಕದ ಹಲಸಿನ ಮರದ ಎಲೆ ಜಾರುವ ಬಾಗಿಲಿನ ಹಳಿಯೊಳಗೆ ಸೇರಿ, ನೀರು ಹರಿದುಹೋಗುವ ತೂತು ಮುಚ್ಚಿಹೋಗಿತ್ತು. ಚೌತಿಯ ಹೊತ್ತಿಗೆ ನಾವು ಬಾಗಿಲು ತೆಗೆದಾಗ ಹಳಿಯಲ್ಲಿ ಕಂದು ನೀರು ನಿಂತಿತ್ತು. ರಬ್ಬರ್ ಬೀಡಿಂಗನ್ನು ಎತ್ತಿದರೆ ಅದರ ಕೆಳಗಿನ ತಗಡು ಹಪ್ಪಳದಂತೆ ಪದರ ಪದರವಾಗಿ ಎದ್ದು ಬಂತು. ಹಾಸಿಗೆಯನ್ನು ಮಗುಚಿದಾಗ ಪ್ಲೈವುಡ್ಡಿನ ಮೇಲೆ ಅಕ್ಕಿಹಿಟ್ಟು ಚೆಲ್ಲಿದಂತೆ ಬಿಳಿ ಬೂಸ್ಟು. ಇಲಿ ಎರಡು ಕಡೆ ವಯರು ಕಡಿದಿತ್ತು. ಮುಂದಿನ ವರ್ಷದಿಂದ ಭಾವ ಮೇ ಕೊನೆಗೆ ಅಡಿಭಾಗಕ್ಕೆಲ್ಲ ತುಕ್ಕುನಿರೋಧಕ ಹೊಡೆಸುತ್ತಾರೆ, ಹಾಸಿಗೆಯನ್ನು ಮನೆಯೊಳಗೆ ತಂದು ಅಟ್ಟಕ್ಕೆ ಹಾಕುತ್ತಾರೆ, ಹದಿನೈದು ದಿನಕ್ಕೊಮ್ಮೆ ಇಂಜಿನ್ ಓಡಿಸುತ್ತಾರೆ. ಈಗ ವ್ಯಾನು ಚೆನ್ನಾಗಿದೆ. ಆ ಕೆಲಸವನ್ನು ಪ್ರೀತಿಯಿಂದ ಮಾಡುವ ಸ್ವಭಾವ ಅವರದು, ಎಲ್ಲರಿಗೂ ಆ ತಾಳ್ಮೆ ಇರುವುದಿಲ್ಲ. ಹಳೆಯ ವ್ಯಾನನ್ನು ನೋಡಲು ಹೋಗುವವರು ಬಣ್ಣವನ್ನು ನೋಡದೆ, ಟಾರ್ಚು ಹಿಡಿದು ಬಾಗಿಲಿನ ಹಳಿ, ಮೆಟ್ಟಿಲಿನ ಅಡಿ ಮತ್ತು ಚಕ್ರದ ಮೇಲಿನ ಕಮಾನನ್ನು ನೋಡಬೇಕು. ಸಾಧ್ಯವಾದರೆ ಕರಾವಳಿಯಲ್ಲಿ ಓಡದ, ಬಯಲುಸೀಮೆಯ ವಾಹನವನ್ನೇ ಹುಡುಕಬೇಕು.

ಯಾವ ವ್ಯಾನಾದರೂ ವಿದ್ಯುತ್ತಿನ ಮಿತಿ ತಿಳಿದಿರಲಿ. 100 ಆಂಪಿಯರ್-ಅವರ್‌ನ ಲಿಥಿಯಂ ಬ್ಯಾಟರಿಯಲ್ಲಿ ಸುಮಾರು 1,280 ವ್ಯಾಟ್-ಅವರ್ ಇರುತ್ತದೆ. ಸಣ್ಣ ಫ್ರಿಜ್ಜಿಗೆ ದಿನಕ್ಕೆ ಸುಮಾರು 500, ಎರಡು ಫ್ಯಾನುಗಳಿಗೆ ರಾತ್ರಿಯಿಡೀ 400, ದೀಪ ಮತ್ತು ಮೊಬೈಲಿಗೆ ನೂರೈವತ್ತು ಹೋದರೆ ಒಂದು ದಿನಕ್ಕೆ ಅಷ್ಟೇ. ಏಸಿ ಇದರಲ್ಲಿ ಒಂದು ಗಂಟೆ ಓಡಿದರೆ ಹೆಚ್ಚು. ಮೇಲಿನ ಸೋಲಾರ್ ಫಲಕಕ್ಕೆ ಬಿಸಿಲು ಬೇಕು, ಒಳಗೆ ಮಲಗುವವರಿಗೆ ನೆರಳು ಬೇಕು. ತೆಂಗಿನ ಮರದ ಕೆಳಗೆ ನಿಲ್ಲಿಸಿದ ವ್ಯಾನಿನಲ್ಲಿ ಎರಡೂ ಸಿಗುವುದಿಲ್ಲ. ಹಾಗಾಗಿ ನಾವು ಡಿಸೆಂಬರ್, ಜನವರಿಯಲ್ಲಿ ಬಿಡುವಾದರೆ ಕರಾವಳಿಗೆ, ಮೇ ತಿಂಗಳಲ್ಲಿ ಘಟ್ಟದ ಮೇಲೆ ಎಂದು ಇಟ್ಟುಕೊಂಡಿದ್ದೇವೆ.

ನಡುವಿನ ದಾರಿಯೊಂದಿದೆ

ಮನೆಯಲ್ಲಿ ಹೇಗೂ ಇರುವ, ಹಿಂದಿನ ಸೀಟು ಮಡಚಬಹುದಾದ ಕಾರಿಗೆ, ಬೇಕೆಂದಾಗ ಇಟ್ಟು ಬೇಡವೆಂದಾಗ ತೆಗೆಯುವ ಮರದ ಮಂಚವೊಂದನ್ನು ಊರಿನ ಬಡಗಿಯಿಂದ ಮಾಡಿಸಿದರೆ, ಹಾಸಿಗೆ, ಸೊಳ್ಳೆಬಲೆ, ಸಣ್ಣ ಗ್ಯಾಸ್ ಒಲೆ ಸೇರಿ ನಲವತ್ತು ಐವತ್ತು ಸಾವಿರದೊಳಗೆ ಕೆಲಸ ಮುಗಿಯುತ್ತದೆ. ಕಾರು ದಿನವೂ ಓಡುವುದರಿಂದ ನಿಂತು ಹಾಳಾಗುವ ಮಾತಿಲ್ಲ, ರಚನೆ ಬದಲಾಗದ ಕಾರಣ ಆರ್‌ಸಿಯ ತಕರಾರೂ ಇಲ್ಲ. ಇಬ್ಬರಿಗೆ ಮಾತ್ರ ಇದು ಸಾಕು. ಒಳಗೆ ನೇರ ನಿಲ್ಲಲಾಗುವುದಿಲ್ಲ, ಶೌಚಕ್ಕೆ ಹೊರಗಿನ ವ್ಯವಸ್ಥೆ ಬೇಕು. ಆದರೂ ವರ್ಷಕ್ಕೆ 20 ರಾತ್ರಿಯೊಳಗೆ ತಿರುಗುವ ದಂಪತಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ. ನಮ್ಮ ಜಿಲ್ಲೆಯಲ್ಲಿ ರಾತ್ರಿ ನಿಲ್ಲಲು ನಮಗೆ ಸಿಕ್ಕದ್ದು ಹೆಚ್ಚಾಗಿ ಹೋಂಸ್ಟೇಗಳ ಅಂಗಳ. ಅಲ್ಲಿ ಬಚ್ಚಲು, ಬಿಸಿನೀರು ಇದ್ದೇ ಇರುತ್ತದೆ, ವ್ಯಾನಿನೊಳಗೆ ಅದನ್ನೆಲ್ಲ ಹೊತ್ತು ತಿರುಗುವ ಅಗತ್ಯ ಬೀಳಲಿಲ್ಲ. ವ್ಯಾನಿನ ಶೌಚದ ಟ್ಯಾಂಕನ್ನು ಹಳ್ಳಕ್ಕೋ ಅಳಿವೆಗೋ ಖಾಲಿ ಮಾಡುವುದಂತೂ ಎಂದಿಗೂ ಕೂಡದು. ಅಘನಾಶಿನಿಯ ಅಳಿವೆಯಲ್ಲಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಬದುಕುವ ಕುಟುಂಬಗಳಿವೆ.

ಮಳೆಗಾಲದಲ್ಲಿ ವ್ಯಾನಿನಲ್ಲಿ ಮಲಗುವ ಆಸೆಯನ್ನು ಕರಾವಳಿಯ ಹೆದ್ದಾರಿಯಲ್ಲಿ ಇಟ್ಟುಕೊಳ್ಳಬೇಡಿ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು, ರಾಷ್ಟ್ರೀಯ ಹೆದ್ದಾರಿ 66ರ ಬದಿಯ ಚಹಾದಂಗಡಿಯನ್ನೂ ಅಲ್ಲಿ ನಿಂತಿದ್ದ ವಾಹನಗಳನ್ನೂ ಗಂಗಾವಳಿ ನದಿಗೆ ಒಯ್ದಿತು. ಮೂರು ವಾರ ಕಳೆದು ಆಗಸ್ಟ್ 7ರ ನಡುರಾತ್ರಿಯ ನಂತರ ಕಾರವಾರದ ಕಾಳಿ ನದಿಯ ಹಳೆಯ ಸೇತುವೆ ಕುಸಿಯಿತು. ಅಗೆದ ಗುಡ್ಡದ ಬುಡದಲ್ಲಿ ನಿಲ್ಲಿಸಿ ಮಲಗುವುದು ಬೇಡವೇ ಬೇಡ. ಇದರಿಂದಾಗಿ ಕೊಂಡವರ ವರ್ಷವೂ ಎಂಟು ತಿಂಗಳಿಗೆ ಇಳಿಯುತ್ತದೆ ಎಂಬುದನ್ನು ರಾತ್ರಿಗಳನ್ನು ಎಣಿಸುವಾಗಲೇ ಸೇರಿಸಿಕೊಳ್ಳಿ.

ನಿವೃತ್ತರಾಗಿ, ತೋಟದ ಹೊಣೆ ಮಕ್ಕಳಿಗೆ ಬಿಟ್ಟು, ವರ್ಷಕ್ಕೆ ಎರಡು ತಿಂಗಳು ಹೊರಗಿರುವ ಆರೋಗ್ಯವಿರುವವರು, ಎತ್ತರದ ಮಾಡಿನ ಶೆಡ್ಡು ಇದ್ದರೆ, ಕೊಳ್ಳಲಿ. ಘಟ್ಟದ ಮೇಲಿದ್ದರೆ ಇನ್ನೂ ಧೈರ್ಯವಾಗಿ ಕೊಳ್ಳಲಿ. ಕೈಯಲ್ಲಿ ಸ್ಪ್ಯಾನರ್ ಹಿಡಿಯುವ ಹವ್ಯಾಸವಿದ್ದು 25 ರಾತ್ರಿ ದಾಟುವವರಿಗೆ ಹಳೆಯ ವ್ಯಾನು. ಬೆಂಗಳೂರು, ಹುಬ್ಬಳ್ಳಿಯ ಕೆಲಸದಲ್ಲಿದ್ದು ವರ್ಷಕ್ಕೆ ಎರಡು ಸಲ ಊರಿಗೆ ಬರುವವರಿಗೆ ಬಾಡಿಗೆಯೇ ಸರಿ. ಸಾಲ ಮಾಡಿ ಕೊಳ್ಳುವ ಯೋಚನೆ ಇರುವವರು ನಾನು ಹಾಕಿದ ಬಡ್ಡಿಯ ಜಾಗದಲ್ಲಿ ಬ್ಯಾಂಕಿನ ಸಾಲದ ಬಡ್ಡಿ ಹಾಕಿ ಮತ್ತೊಮ್ಮೆ ಭಾಗಿಸಿ ನೋಡಲಿ.

ಇಷ್ಟಾದರೂ ಮನಸ್ಸು ತೂಗುತ್ತಿದ್ದರೆ, ನೀವು ಕೊಳ್ಳಬೇಕೆಂದಿರುವ ಅಳತೆಯದ್ದೇ ವ್ಯಾನನ್ನು ಮುಂದಿನ ಬೇಸಿಗೆಯಲ್ಲಿ ಐದು ರಾತ್ರಿಗೆ ಬಾಡಿಗೆಗೆ ತನ್ನಿ. ಎರಡು ರಾತ್ರಿ ಕಾರವಾರ ಅಥವಾ ಕುಮಟಾದ ಸೆಕೆಯಲ್ಲಿ ಮಲಗಿ, ದೇವಿಮನೆ ಘಟ್ಟವನ್ನು ನೀವೇ ಏರಿಸಿ, ಮೂರು ರಾತ್ರಿ ಮೇಲೆ ಕಳೆಯಿರಿ. ಮರಳಿಸುವ ಮೊದಲು ಅದನ್ನು ಮನೆಯ ಅಂಗಳಕ್ಕೆ ತಂದು, ಮಳೆಗಾಲದಲ್ಲಿ ಎಲ್ಲಿ ನಿಲ್ಲಿಸುವಿರೋ ಆ ಜಾಗದಲ್ಲಿ ನಿಲ್ಲಿಸಿ, ಮಾಡಿನ ಎತ್ತರವನ್ನು ಟೇಪು ಹಿಡಿದು ಅಳೆಯಿರಿ.